ಹೂಂಗುಟ್ಟಿದವರು ಯಾರು

ಲೆನಿನ್‌ಗ್ರಾಡ್
11 ನವೆಂಬರ್ 1987

ಮಾನ್ಯ ಬಷೀರ್ ಅಹಮದ್ ಮೇಷ್ಟ್ರಿಗೆ, ಚನ್ನಕೇಶವ ಮಾಡುವ ನಮಸ್ಕಾರಗಳು.

ನನ್ನ ನೆನಪು ನಿಮಗಿರಲಾರದು. ಎರಡು ವರ್ಷದ ಹಿಂದೆ ರಜೆಗೆ ಬಂದಿದ್ದಾಗ ಚಿಕ್ಕಬಳ್ಳಾಪುರದ ರಾಜ್ಯೋತ್ಸವದಲ್ಲಿ ಪಿಟೀಲು ನುಡಿಸಿದವನು ನಾನು. ಅವತ್ತು ನಿರೂಪಣೆ ನಿಮ್ಮದು. ಕರೆಂಟು ಹೋಗಿ ಮೈಕು ಸತ್ತಾಗ ನೀವು ಬರಿಗಂಟಲಿನಲ್ಲೇ ಸಭೆಯನ್ನು ಕೂರಿಸಿದಿರಿ. ಆ ದನಿ ಇಲ್ಲಿಯವರೆಗೂ ನನ್ನ ಜೊತೆ ಬಂದಿದೆ. ನಮ್ಮೂರು ಮಂಡಿಕಲ್. ಇಲ್ಲಿ ಸಂಗೀತ ರಚನೆ ಕಲಿಯುತ್ತಿದ್ದೇನೆ.

ಈಗ ಒಂದು ರಷ್ಯನ್ ಜನಪದ ಕಥೆಗೆ ಸಂಗೀತ ಬರೆಯುತ್ತಿದ್ದೇನೆ. ಎರಡು ಪಿಟೀಲು, ಪಿಟೀಲಿಗಿಂತ ತುಸು ದಪ್ಪ ದನಿಯ ವಿಯೋಲ, ಮಂಡಿಗಳ ನಡುವೆ ಇಟ್ಟು ನುಡಿಸುವ ಚೆಲ್ಲೊ, ಒಂದು ಕೊಳಲು. ಜೊತೆಗೆ ಕಥೆ ಹೇಳುವವರೊಬ್ಬರು. ಅವರು ಹಾಡಬೇಕಾಗಿಲ್ಲ, ಹೇಳಿದರೆ ಸಾಕು.

ಕಥೆ ಇಷ್ಟು. ರೈತನೊಬ್ಬನಿಗೆ ಮೂವರು ಹೆಣ್ಣುಮಕ್ಕಳು. ಕಿರಿಯವಳ ಹತ್ತಿರ ಒಂದು ಬೆಳ್ಳಿ ತಟ್ಟೆ, ಒಂದು ಸೇಬು. ತಟ್ಟೆಯಲ್ಲಿ ಸೇಬು ಉರುಳಿಸಿದರೆ ಲೋಕವೆಲ್ಲ ಕಾಣುತ್ತದೆ. ಅಕ್ಕಂದಿರು ಹೊಟ್ಟೆಕಿಚ್ಚಿನಿಂದ ಅವಳನ್ನು ಕಾಡಿಗೆ ಕರೆದೊಯ್ದು ಕೊಂದು ಹೂಳುತ್ತಾರೆ. ಆ ಮಣ್ಣಿನಲ್ಲಿ ಜೊಂಡು ಬೆಳೆಯುತ್ತದೆ. ಕುರಿ ಕಾಯುವವನು ಅದನ್ನು ಕೊಯ್ದು ಕೊಳಲು ಮಾಡಿದರೆ, ಕೊಳಲು ತಾನೇ ಹಾಡಿ ಕೊಂದವರ ಹೆಸರು ಹೇಳುತ್ತದೆ. ಮೂಲದಲ್ಲಿ ಇನ್ನೂ ಮುಂದಕ್ಕಿದೆ: ತಂದೆ ರಾಜನ ಬಾವಿಯ ನೀರು ತಂದು ಚಿಮುಕಿಸುತ್ತಾನೆ, ಮಗಳು ಎದ್ದು ಕೂರುತ್ತಾಳೆ. ನಾನು ಕೊಳಲಿನ ಹಾಡಿಗೇ ನಿಲ್ಲಿಸಿದ್ದೇನೆ.

ಬೆಂಗಳೂರಿನ ನನ್ನ ಗೆಳೆಯರು ನುಡಿಸಲು ಒಪ್ಪಿದ್ದಾರೆ. ಕಥೆ ಕನ್ನಡದಲ್ಲಿ, ನಿಮ್ಮ ಬಾಯಲ್ಲಿ ಬರಬೇಕು. ಒಪ್ಪುತ್ತೀರಾ?

ತಮ್ಮವ
ಚನ್ನಕೇಶವ


ಶಿಡ್ಲಘಟ್ಟ
9 ಡಿಸೆಂಬರ್ 1987

ಪ್ರಿಯ ಚನ್ನಕೇಶವ ಅವರಿಗೆ ಸಲಾಂ.

ರಷ್ಯಾದಿಂದ ಕಾಗದ ಬಂದಿದೆಯೆಂದು ಅಂಚೆಯವನು ಬೀದಿಗೆಲ್ಲ ಸಾರಿದ. ನನ್ನ ತಮ್ಮ ಷರೀಫ್ ಗೂಡು ಬೇಯಿಸುವ ಒಲೆ ಬಿಟ್ಟು ಓಡಿ ಬಂದ. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ನಾನೊಬ್ಬ ದಾರಿ ತಪ್ಪಿ ಕನ್ನಡ ಮೇಷ್ಟ್ರಾದೆ.

ಖಂಡಿತ ಹೇಳುತ್ತೇನೆ. ಆದರೆ ಒಂದು ತಕರಾರಿದೆ. ಕಥೆಯನ್ನು ಎಂಟನೇ ತರಗತಿಯ ಮಕ್ಕಳಿಗೆ ಹೇಳಿ, ನೀವು ಹೇಳಿದ ಕಡೆಯೇ ನಿಲ್ಲಿಸಿದೆ. ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ಆಮೇಲೇನಾಯಿತು ಎಂದು ಕೂತೇ ಇದ್ದರು. ಬಾವಿಯ ನೀರು ಚಿಮುಕಿಸಿದ ಮೇಲಷ್ಟೇ ಊಟಕ್ಕೆ ಹೋದರು. ಎಬ್ಬಿಸುವ ನೀರು ಕಥೆಯಲ್ಲೇ ಇರುವಾಗ ಆ ಹುಡುಗಿಯನ್ನು ಮಣ್ಣಿನಲ್ಲಿ ಬಿಟ್ಟು ಬರುವುದೇಕೆ?

ಇನ್ನೊಂದು. ಕೊಳಲು ಹೇಳುವ ಮಾತನ್ನು ನಾನು ಹೇಳಬೇಕೋ, ಕೊಳಲೇ ಹೇಳುತ್ತದೋ?

ನಿಮ್ಮ
ಬಷೀರ್ ಅಹಮದ್


ಲೆನಿನ್‌ಗ್ರಾಡ್
14 ಜನವರಿ 1988

ಮೇಷ್ಟ್ರೇ,

ಕೊಳಲಿನ ಮಾತು ಕೊಳಲಿನದ್ದೇ. ಅಲ್ಲಿ ನೀವು ಸುಮ್ಮನಿರಬೇಕು. ನಾಲ್ಕು ತಂತಿವಾದ್ಯಗಳೂ ನಿಲ್ಲುತ್ತವೆ. ಮಾತು ಬಂದರೆ ಕೇಳುವವನು ಅದಕ್ಕೊಂದು ಸಮಾಧಾನ ಹುಡುಕಿಕೊಳ್ಳುತ್ತಾನೆ. ಬರೀ ಸ್ವರ ಕೇಳಿದಾಗ ಅವನವನ ಎದೆಯಲ್ಲಿರುವ ಹೆಸರು ಅವನಿಗೆ ಕೇಳಿಸಬೇಕು.

ಬಾವಿಯ ನೀರಿನಿಂದ ಸತ್ತವರು ಏಳುವುದನ್ನು ನಾನು ಬರೆಯಲಾರೆ. ಈ ವಿಷಯ ಇಲ್ಲಿಗೆ ಬಿಡೋಣ.

ಒಂದು ಉಪಕಾರ ಮಾಡಬೇಕು. ಮಂಡಿಕಲ್‌ಗೆ ಹೋಗಿ ನಮ್ಮ ತಾಯಿ ಚಿಕ್ಕವೆಂಕಟಮ್ಮನವರನ್ನು ನೋಡಿ, ನಾನು ಚೆನ್ನಾಗಿದ್ದೇನೆಂದು ಹೇಳಿ ಬನ್ನಿ. ಅವರಿಗೆ ಓದು ಬಾರದು. ಮನೆಯಲ್ಲಿರುವುದು ಅಣ್ಣ ರಾಮಾಂಜಿನಪ್ಪ. ಅವನಿಗೆ ನಾನು ಕಾಗದ ಬರೆಯುವುದಿಲ್ಲ.

ಚನ್ನಕೇಶವ


ಶಿಡ್ಲಘಟ್ಟ
2 ಮಾರ್ಚ್ 1988

ಪ್ರಿಯ ಚನ್ನಕೇಶವ,

ನಿಮ್ಮ ತಾಯಿ ಕ್ಷೇಮ. ಅವರೆಕಾಳಿನ ಸಾರು, ಮುದ್ದೆ ಬಡಿಸಿ, ನಾನು ತಿನ್ನುವುದನ್ನು ನೀವೇ ತಿನ್ನುತ್ತಿದ್ದೀರೇನೋ ಎಂಬಂತೆ ನೋಡಿದರು. ನಿಮ್ಮ ಅಣ್ಣ ಮನೆಯಲ್ಲೇ ಇದ್ದರು. ಕುರ್ಚಿ ಹಾಕಿಸಿ, ಹೊಲದ ಕಡೆ ಹೊರಟುಹೋದರು.

ವಾಪಸ್ಸು ಬರುವಾಗ ಬಸ್ ನಿಲ್ದಾಣದಲ್ಲಿ ಪಕ್ಕದ ಮನೆಯ ಮುನಿಶಾಮಪ್ಪ ಸಿಕ್ಕರು. ನಿಮಗೊಬ್ಬಳು ತಂಗಿಯಿದ್ದದ್ದು, ಹೆಸರು ಕದಿರಮ್ಮ, ಹೊಲದ ಬಾವಿಗೆ ಬಿದ್ದು ಹೋದದ್ದು ಅವರಿಂದ ತಿಳಿಯಿತು. ನೀವು ಹೇಳಿರಲಿಲ್ಲ. ನಾನು ಆ ಹುಡುಗಿಯನ್ನು ಎಬ್ಬಿಸಿ ಎಂದು ಹಗುರಾಗಿ ಬರೆದುಬಿಟ್ಟೆ. ಕ್ಷಮಿಸಿ.

ಒಂದು ವಿಷಯ ಮಾತ್ರ ಹೇಳಬೇಕು. ನೀವು ಏನು ಬರೆಯುತ್ತಿದ್ದೀರಿ ಎಂದು ನಿಮ್ಮ ತಾಯಿ ಕೇಳಿದರು. ಮುನಿಶಾಮಪ್ಪ ಸಿಗುವ ಮೊದಲು, ಏನೂ ತಿಳಿಯದೆ, ಇಡೀ ಕಥೆ ಹೇಳಿಬಿಟ್ಟೆ. ಅವರು ಅಳಲಿಲ್ಲ. ಕೊಳಲಿನ ಹಾಡಿಗೆ ನಿಲ್ಲಿಸಿದ್ದಾರೆ ಅಂದಾಗ ತಲೆಯಾಡಿಸಿದರು. “ಅಲ್ಲಿಗೇ ನಿಲ್ಲಿಸ್ಬೇಡ ಅಂತ ಬರಿ ಕಣಪ್ಪ. ಎಬ್ಬಿಸ್ಲಿ. ಎಬ್ಬಿಸಿ ಎಲ್ಲಾದ್ರೂ ದೂರಕ್ಕೆ ಕಳಿಸ್ಲಿ. ಆ ಮನೆಗೆ ಮಾತ್ರ ವಾಪಸ್ ಬೇಡ” ಅಂದರು.

ಹೆತ್ತ ಹೊಟ್ಟೆ. ಇನ್ನೇನು ಹೇಳೀತು.

ಬಷೀರ್


ಲೆನಿನ್‌ಗ್ರಾಡ್
20 ಮೇ 1988

ಮೇಷ್ಟ್ರೇ,

ಅರ್ಧ ಗೊತ್ತಾಗಿದೆ. ಇನ್ನರ್ಧವನ್ನೂ ಕೇಳಿ.

ಕದಿರಿಯನ್ನು ತೊಂಡೇಬಾವಿ ಕಡೆಗೆ ಕೊಟ್ಟಿದ್ದರು. ಗಂಡ ಹೊಡೆಯುತ್ತಿದ್ದ. ಎರಡು ಸಲ ಓಡಿಬಂದಳು, ಎರಡು ಸಲವೂ ಅಣ್ಣ ಅವಳನ್ನು ವಾಪಸ್ಸು ಬಿಟ್ಟು ಬಂದ. ಮೂರನೆಯ ಸಲ ಬಂದಾಗ, ಮತ್ತೆ ಈ ಹೊಸಿಲು ತುಳಿದರೆ ಬಾವಿಗೆ ನೂಕುತ್ತೇನೆ ಅಂದನಂತೆ. ಅದು ಬೀದಿಗೆಲ್ಲ ಕೇಳಿಸಿತು. ಮರುದಿನ ಬಾವಿಯ ಕಟ್ಟೆಯ ಮೇಲೆ ಅವಳ ಬಿಂದಿಗೆ, ಚಪ್ಪಲಿ. ಆ ಶ್ರಾವಣದಲ್ಲಿ ಬಾವಿ ಕೈಗೆ ಸಿಗುವಷ್ಟು ತುಂಬಿತ್ತು. ಪಾತಾಳಗರಡಿ ಬಿಟ್ಟು ಜಾಲಾಡಿದರೆ ಸೀರೆ ಮಾತ್ರ ಸಿಕ್ಕಿತು. ಮೈ ಸಿಗಲಿಲ್ಲ. ಬೆಂಗಳೂರಿನಲ್ಲಿ ಓದುತ್ತಿದ್ದ ನಾನು ಸುದ್ದಿ ತಿಳಿದು ಬರುವಷ್ಟರಲ್ಲಿ ಅಣ್ಣ ಬಾವಿಗೆ ಮಣ್ಣು ಹೊಡೆಸುತ್ತಿದ್ದ. ಪೊಲೀಸಿಗೆ ಹೇಳಲಿಲ್ಲ. ತುಂಬಿದ ಬಾವಿಯನ್ನು ಅಷ್ಟು ಅವಸರದಲ್ಲಿ ಯಾರಾದರೂ ಮುಚ್ಚುತ್ತಾರೆಯೇ?

ಅವತ್ತಿನಿಂದ ಅವನ ಜೊತೆ ಮಾತಿಲ್ಲ. ಈ ಸಂಗೀತ ನಮ್ಮ ಕಡೆಯೇ ನಡೆಯಬೇಕು. ಅವನು ಮುಂದಿನ ಸಾಲಿನಲ್ಲಿ ಕೂರಬೇಕು. ನೀವು ಸುಮ್ಮನಾದಾಗ ಕೊಳಲು ಅವನನ್ನು ನೋಡಿ ಹಾಡಬೇಕು. ಇದೊಂದಕ್ಕಾಗಿ ಹತ್ತು ವರ್ಷ ಕಲಿತಿದ್ದೇನೆ.

ಚನ್ನಕೇಶವ


ಶಿಡ್ಲಘಟ್ಟ
17 ಅಕ್ಟೋಬರ್ 1988

ಪ್ರಿಯ ಚನ್ನಕೇಶವ ಅವರಿಗೆ,

ಉತ್ತರ ತಡವಾಯಿತು. ಕಾಗದ ಎದುರಿಗಿಟ್ಟುಕೊಂಡು ಎಷ್ಟೋ ಸಲ ಕೂತೆ.

ಆಗಸ್ಟಿನಲ್ಲಿ ಮುರುಗಮಲ್ಲಕ್ಕೆ ಹೋಗಿದ್ದೆ. ನನ್ನ ತಾಯಿಯ ತಂಗಿ ಅಖ್ತರಿ ಖಾಲಾ ಅಲ್ಲಿ ದರ್ಗಾದ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲು ಇಟ್ಟುಕೊಂಡಿದ್ದಾರೆ. ಅವರ ಮುಂದೆಯೂ ಕಥೆಯನ್ನು ಓದಿದೆ. ಕೇಳಿದವರಿಗೆ ಹಿಡಿಸಿತು.

ಯೋಚಿಸಿ ಬರೆಯುತ್ತಿದ್ದೇನೆ. ಕೊನೆಯ ಭಾಗ ಸೇರಿಸದಿದ್ದರೆ ನಾನು ಈ ಕಥೆ ಓದಲಾರೆ. ಕಾರಣ ಕೇಳಬೇಡಿ. ನಿಮ್ಮ ಅಣ್ಣನ ವಿಷಯದಲ್ಲಿ ಕೂಡ, ಕಣ್ಣಾರೆ ಕಾಣದ್ದನ್ನು ಹಾಡಿಗೆ ಕಟ್ಟುವ ಮೊದಲು ಸ್ವಲ್ಪ ತಡೆಯಿರಿ.

ನಿಮ್ಮ ಹಿತ ಬಯಸುವ
ಬಷೀರ್ ಅಹಮದ್


ಲೆನಿನ್‌ಗ್ರಾಡ್
22 ನವೆಂಬರ್ 1988

ಮಾನ್ಯರೇ,

ನಿಮ್ಮ ಕಾಗದ ತಲುಪಿತು. ಅಣ್ಣ ನಿಮ್ಮ ಮನೆಗೆ ಬಂದಿದ್ದನೇ? ಹೆದರಿಸಿದನೋ, ಕೈಮುಗಿದನೋ? ಎರಡೂ ಅವನಿಗೆ ಗೊತ್ತು. ನಿಮ್ಮನ್ನು ಈ ಜಗಳಕ್ಕೆ ಎಳೆದದ್ದು ತಪ್ಪಾಯಿತು. ಬೇರೆ ನಿರೂಪಕರನ್ನು ನೋಡಿಕೊಳ್ಳುತ್ತೇನೆ.

ಚನ್ನಕೇಶವ


ಶಿಡ್ಲಘಟ್ಟ
26 ಫೆಬ್ರವರಿ 1989

ಪ್ರಿಯ ಚನ್ನಕೇಶವ,

ತಂತಿ ಸೇರಿರುತ್ತದೆ. ನಿಮ್ಮ ತಾಯಿಯವರ ಮಣ್ಣಿಗೆ ಹೋಗಿದ್ದೆ. ಹೊಲದಲ್ಲಿ ಹುಣಸೆಮರದ ಪಕ್ಕಕ್ಕೆ ಇಟ್ಟರು. ನಿಮಗೆ ಬರಲಾಗದೆಂದು ಎಲ್ಲರಿಗೂ ತಿಳಿದಿತ್ತು, ಯಾರೂ ಒಂದು ಮಾತು ಆಡಲಿಲ್ಲ. ನಿಮ್ಮ ಅಣ್ಣ ಮಣ್ಣು ಹಾಕಿ ಬದುವಿನ ಮೇಲೆ ಕೂತವರು ಎಲ್ಲರೂ ಹೋದರೂ ಏಳಲಿಲ್ಲ.

ನಿಮ್ಮ ತಾಯಿಯವರನ್ನು ಹದಿನೈದು ದಿನ ಮೊದಲು ನೋಡಿದ್ದೆ. ಉಬ್ಬಸವಿತ್ತು, ಮಾತು ಸ್ಪಷ್ಟವಿತ್ತು. “ಕೇಶವಂಗೆ ಬರಿ. ನಾನು ನೆಮ್ಮದಿಯಾಗಿ ಹೋಗ್ತಾ ಇದೀನಿ. ನನ್ನ ಕೆಲಸ ಎಲ್ಲಾ ಮುಗ್ಸಿದೀನಿ” ಅಂದರು. ಅದನ್ನು ಹಾಗೆಯೇ ಬರೆದಿದ್ದೇನೆ.

ನಿಮ್ಮ ಕಥೆಯನ್ನು ನೀವು ಹೇಳಿದಂತೆಯೇ ಓದುತ್ತೇನೆ. ಬೇರೆಯವರನ್ನು ಹುಡುಕಬೇಡಿ. ಒಂದೇ ಕೇಳಿಕೆ, ಚಿಕ್ಕಬಳ್ಳಾಪುರ ಬೇಡ, ಚಿಂತಾಮಣಿಯಲ್ಲಿ ಮಾಡೋಣ.

ಬಷೀರ್


ಚಿಂತಾಮಣಿ
5 ಫೆಬ್ರವರಿ 1990

ಪ್ರಿಯ ಚನ್ನಕೇಶವ,

ನಿನ್ನೆ ಸಂಜೆ ಆಯಿತು. ಶಾಲೆಯೊಂದರ ಸಭಾಂಗಣ, ಕಬ್ಬಿಣದ ಕುರ್ಚಿಗಳು. ಚೆಲ್ಲೊ ನೋಡಲೆಂದೇ ಬಂದವರು ಬಹಳ. ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಹುಡುಗಿ ಕಾಡಿಗೆ ಹೋಗುವಾಗ ವಿಯೋಲ ಅವಳ ಹೆಜ್ಜೆಯನ್ನು ಹಿಂಬಾಲಿಸುತ್ತದಲ್ಲ, ಅಲ್ಲಿ ನಾನೂ ಓದುವ ಸಾಲು ಬಿಟ್ಟು ಅದನ್ನೇ ಕೇಳಿದೆ.

ನಿಮ್ಮ ಅಣ್ಣ ಬಂದಿದ್ದರು. ಮುಂದಿನ ಸಾಲು. ಕೊಳಲು ಮುಗಿದ ಮೇಲೆ ಎದ್ದು ವೇದಿಕೆಗೆ ಕೈಮುಗಿದು ಹೊರಟರು. ಬಸ್ಸಿಗೆ ಹೊತ್ತಾಯಿತು ಅಂದರು.

ಗೆಳೆಯರು ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದಾರೆ. ಒಂದು ಪ್ರತಿ ನಿಮಗೆ ಕಳಿಸಲು ನನ್ನ ಕೈಗೆ ಕೊಟ್ಟಿದ್ದಾರೆ. ಕೇಳಲು ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲ. ಹಾಗೇ ಕಳಿಸುತ್ತಿದ್ದೇನೆ.

ಬಷೀರ್


ಲೆನಿನ್‌ಗ್ರಾಡ್
19 ಏಪ್ರಿಲ್ 1990

ಮೇಷ್ಟ್ರೇ,

ಆ ಸಭೆಯಲ್ಲಿ ಹೂಂಗುಟ್ಟಿದವರು ಯಾರು?

ಕ್ಯಾಸೆಟ್ಟಿನಲ್ಲಿ ನೀವು ಕಥೆ ಶುರು ಮಾಡಿ ಮೊದಲ ಸಲ ಉಸಿರು ತೆಗೆದುಕೊಳ್ಳುತ್ತೀರಿ. ಅಲ್ಲಿ ಒಬ್ಬ ಹೆಂಗಸು, ಹಿಂದೆ ಎಲ್ಲೋ, ಹೂಂ ಅನ್ನುತ್ತಾಳೆ. ಮೊದಲು ನಾನದನ್ನು ಗಮನಿಸಲಿಲ್ಲ. ನಮ್ಮ ಕಡೆ ಕಥೆ ಕೇಳುವವರು ಹೂಂಗುಟ್ಟುವುದು ಇದ್ದದ್ದೇ. ಆದರೆ ತಟ್ಟೆಯಲ್ಲಿ ಸೇಬು ಉರುಳಿದಾಗ ಮತ್ತೆ ಬಂತು. ಒಂದು ಗಿಡ್ಡ ಹೂಂ, ಸ್ವಲ್ಪ ತಡೆದು ಮೇಲಕ್ಕೆಳೆದ ಇನ್ನೊಂದು. ನಂಬಿದೆ ಎಂದು ಒಂದು, ನಿಜವೇ ಎಂದು ಇನ್ನೊಂದು.

ಮಂಡಿಕಲ್‌ನಲ್ಲಿ ನಮ್ಮಜ್ಜಿ ಕಥೆ ಹೇಳುವಾಗ ಹೂಂಗುಟ್ಟುವ ಕೆಲಸ ಕದಿರಿಯದು. ನಾನು ನಿದ್ದೆ ಹೋಗುತ್ತಿದ್ದೆ. ಅವಳು ಹಾಗೆಯೇ, ಎರಡೆರಡು ಸಲ. ಅಜ್ಜಿ ರೇಗುತ್ತಿದ್ದರು.

ಅಕ್ಕಂದಿರು ಕೊಲ್ಲುವಾಗ ಆ ದನಿಯಿಲ್ಲ. ಹೂಳುವಾಗ ಇಲ್ಲ. ಕೊಳಲು ಹಾಡಿ ನಿಂತು, ಎಲ್ಲ ಮೌನವಾದ ಮೇಲೆ, ಚಪ್ಪಾಳೆಗೆ ಮೊದಲು, ಮತ್ತೆ ಬರುತ್ತದೆ. ಮುಂದೇನು ಎಂದು ಕೇಳಿದ ಹಾಗೆ.

ಇಲ್ಲಿನ ಗೆಳೆಯನಿಗೆ ಕೇಳಿಸಿದೆ. ಯಾರೋ ಕೆಮ್ಮಿದರು ಅಂದ. ನನಗೆ ಹುಚ್ಚು ಹಿಡಿಯುತ್ತಿದೆಯೇ? ದಯವಿಟ್ಟು ಬರೆಯಿರಿ.

ಚನ್ನಕೇಶವ


ಲೆನಿನ್‌ಗ್ರಾಡ್
8 ಜುಲೈ 1990

ಮೇಷ್ಟ್ರೇ,

ನಿಮ್ಮ ಉತ್ತರವಿಲ್ಲ. ಇಲ್ಲಿ ಈಗ ಕತ್ತಲೇ ಆಗುವುದಿಲ್ಲ. ಎಲ್ಲ ಹೊತ್ತೂ ಒಂದೇ ಬೂದು ಬೆಳಕು. ಅಡಿಗೆಮನೆಯಲ್ಲಿ ನೀರು ಬಿಟ್ಟರೆ ಆ ದನಿ, ಟ್ರಾಮು ತಿರುಗಿದರೆ ಆ ದನಿ. ನನಗೆ ಭಯವಾಗುತ್ತಿಲ್ಲ, ಅದೇ ಭಯ. ಮನೆಗೆ ಬಂದರೆ ಅವಳು ಕೂತಿರುತ್ತಾಳೆಂದು ಬೇಗ ಬೇಗ ಬರುತ್ತೇನೆ.

ಕೊನೆಯ ಭಾಗ ಬರೆದಿದ್ದೇನೆ. ಬಾವಿಯ ನೀರು, ಹುಡುಗಿ ಏಳುವುದು, ಎಲ್ಲ. ಅಷ್ಟು ಕೇಳಿದ ಮೇಲೆ ಬರೆಯದೆ ಇರಲಾಗಲಿಲ್ಲ. ಬರೆದ ಮೇಲೂ ದನಿ ಹೋಗಿಲ್ಲ.

ಚನ್ನಕೇಶವ


ಶಿಡ್ಲಘಟ್ಟ
3 ಸೆಪ್ಟೆಂಬರ್ 1990

ಪ್ರಿಯ ಚನ್ನಕೇಶವ,

ನಿಮಗೆ ಹುಚ್ಚು ಹಿಡಿದಿಲ್ಲ. ಕೂತು ಓದಿ.

ಕದಿರಮ್ಮ ಬದುಕಿದ್ದಾರೆ. ಮುರುಗಮಲ್ಲದಲ್ಲಿ, ಅಖ್ತರಿ ಖಾಲಾ ಜೊತೆ ಹೋಟೆಲು ನಡೆಸುತ್ತಾರೆ. ಅಲ್ಲಿ ಅವರ ಹೆಸರು ಓಬಳಮ್ಮ. ಎರಡು ವರ್ಷದ ಹಿಂದೆ ನಾನು ಅಲ್ಲಿ ಕಥೆ ಓದಿದಾಗ ಅವರು ಈರುಳ್ಳಿ ಹೆಚ್ಚುತ್ತ ಕೇಳುತ್ತಿದ್ದರು. ಇದಕ್ಕೆ ಸಂಗೀತ ಮಾಡುತ್ತಿರುವುದು ಮಂಡಿಕಲ್ ಚನ್ನಕೇಶವ ಅಂದೆ. ಈಳಿಗೆಮಣೆ ಸರಿಸಿ ಹಿತ್ತಲಿಗೆ ಹೋದರು. ಬಸ್ಸಿಗೆ ಹೊರಟಾಗ ಜೊತೆಗೆ ಬಂದು, ನಿಂತಲ್ಲೇ ಎಲ್ಲ ಹೇಳಿದರು.

ಉಪಾಯ ನಿಮ್ಮ ತಾಯಿಯದು. ಬಿಂದಿಗೆ, ಚಪ್ಪಲಿ ಇಟ್ಟವರು, ಸೀರೆ ಬಾವಿಗೆಸೆದವರು ಅವರೇ. ಹರಕೆಗೆಂದು ಮುರುಗಮಲ್ಲಕ್ಕೆ ಬರುತ್ತಿದ್ದ ಅವರಿಗೆ ಖಾಲಾ ಹಳೆಯ ಗುರುತು. ಬೆಳಗಿನ ಮೊದಲ ಬಸ್ಸಿಗೆ ಮಗಳನ್ನು ಹತ್ತಿಸಿ, ಮನೆಗೆ ಬಂದು ಎದೆ ಬಡಿದುಕೊಂಡರು. ಬದುಕಿರುವ ಮಗಳನ್ನು ಗಂಡನ ಮನೆಗೆ ಅಟ್ಟುತ್ತಾರೆ, ಸತ್ತವಳನ್ನು ಯಾರೂ ಅಟ್ಟುವುದಿಲ್ಲ ಎಂಬುದು ಅವರ ಲೆಕ್ಕ. ವರ್ಷಕ್ಕೊಮ್ಮೆ ಬಂದು ಮಗಳ ಕೈಯೂಟ ಉಂಡು ಹೋಗುತ್ತಿದ್ದರು. ನಿಮ್ಮ ಅಣ್ಣನಿಗೆ ಏನೂ ಗೊತ್ತಿಲ್ಲ. ಅವರು ಬಾವಿ ಮುಚ್ಚಿಸಿದ್ದು ಹೆದರಿ.

ನನಗೆ ವಿಷಯ ತಿಳಿದ ಮೇಲೆ ಮಂಡಿಕಲ್‌ಗೆ ಹೋದೆ. ನಿಮ್ಮ ತಾಯಿ ನನ್ನ ಮುಖ ನೋಡಿಯೇ, “ಗೊತ್ತಾಯ್ತಾ ಮೇಷ್ಟ್ರೇ?” ಅಂದರು. ಕೇಶವನಿಗಾದರೂ ಹೇಳಬಹುದಲ್ಲ ಅಂದೆ. “ಬೇಡ. ಅವನ ಬಾಯಿ ಸುಮ್ನಿದ್ರೂ ಪಿಟೀಲು ಹೇಳ್ಬಿಡುತ್ತೆ” ಅಂದರು. ಕದಿರಮ್ಮನೂ ಮಾತು ತೆಗೆದುಕೊಂಡಿದ್ದರು. ಒಬ್ಬರಿಗೆ ಹೇಳಿದರೆ ಊರಿಗೇ ಹೇಳಿದ ಹಾಗೆ, ಗಂಡ ಇನ್ನೂ ಗಟ್ಟಿಯಾಗಿದ್ದಾನೆ ಎಂದು. ಹಾಗಾಗಿ ಕಥೆಯ ಕೊನೆಯನ್ನು ಬದಲಿಸಿ ಎಂದು ಕೇಳುವುದೊಂದೇ ನನಗೆ ಉಳಿದ ದಾರಿ.

ಕದಿರಮ್ಮನಿಗೆ ಹತ್ತಿರವೆಂದೇ ಚಿಂತಾಮಣಿ ಕೇಳಿದ್ದೆ, ಆದರೆ ನಿಮ್ಮ ಅಣ್ಣ ಬರುತ್ತಾರೆಂದು ತಿಳಿದ ಮೇಲೆ ಬರಬೇಡಿ ಅಂದೆ. ಬಂದು ಹಿಂದಿನ ಸಾಲಿನಲ್ಲಿ, ಖಾಲಾ ಪಕ್ಕ ತಲೆಗೆ ಸೆರಗು ಹೊದ್ದು ಕೂತರು. ದನಿ ಕ್ಯಾಸೆಟ್ಟಿಗೆ ಸೇರಿದ್ದು ಯಾರಿಗೂ ಗೊತ್ತಾಗಲಿಲ್ಲ.

ನಿಮ್ಮ ಎರಡು ಕಾಗದಗಳನ್ನೂ ಹೋದ ವಾರ ಅವರಿಗೆ ಓದಿದೆ. ಎರಡನೆಯದನ್ನು ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ, “ಬರೋದಾದ್ರೆ ಬರ್ಲಿ. ಅಳೋದಿದ್ರೆ ಚಿಂತಾಮಣೀಲೇ ಅತ್ತು ಬರ್ಲಿ. ಇಲ್ಲಿ ಗಿರಾಕಿಗಳಿರ್ತಾರೆ” ಅಂದರು.

ಬಷೀರ್


ಮಂಡಿಕಲ್
29 ಆಗಸ್ಟ್ 1991

ಮೇಷ್ಟ್ರೇ,

ನಿಮ್ಮ ಆ ಕಾಗದಕ್ಕೆ ಒಂದು ವರ್ಷ ಉತ್ತರಿಸಲಿಲ್ಲ. ಕೋಪವಿತ್ತು. ನಿಮ್ಮ ಮೇಲೆ, ಅದಕ್ಕಿಂತ ಹೆಚ್ಚಾಗಿ ಅಮ್ಮನ ಮೇಲೆ. ನಾನು ಹತ್ತು ವರ್ಷ ಸತ್ತವಳಿಗಾಗಿ ಸ್ವರ ಕೂಡಿಸುತ್ತಿದ್ದಾಗ ಅವರು ಅವಳ ಕೈಯೂಟ ಉಂಡು ಬರುತ್ತಿದ್ದರಲ್ಲ. ಗೌರಿಬಿದನೂರಿನಲ್ಲಿ ರೈಲು ಇಳಿದಾಗಲೂ ಆ ಕೋಪ ಇತ್ತು. ಮನೆಗೆ ಹೋಗದೆ ನೇರ ಮುರುಗಮಲ್ಲಕ್ಕೆ ಹೋದೆ. ಶಿಡ್ಲಘಟ್ಟಕ್ಕೂ ಬರಲಿಲ್ಲ, ಕ್ಷಮಿಸಿ.

ಅವಳು ದೋಸೆ ಹುಯ್ಯುತ್ತಿದ್ದಳು. ನೋಡಿದಳು. ಗುರುತು ಹಿಡಿದು, ಕಾವಲಿಯ ಮೇಲಿದ್ದದ್ದನ್ನು ತಿರುವಿ ಹಾಕಿ, “ಸಣ್ಣಣ್ಣ, ಬೆಂಚಿನ ಮೇಲೆ ಕೂತ್ಕೋ” ಅಂದಳು. ನಾನು ಚಿಂತಾಮಣಿಯಲ್ಲಿ ಅತ್ತಿರಲಿಲ್ಲ. ಅಲ್ಲೇ, ಲಾರಿಯವರ ಮಧ್ಯೆ, ಅತ್ತೆ. ಅವರು ಚಟ್ನಿ ಖಾರವೆಂದುಕೊಂಡರೋ ಏನೋ, ನೀರಿನ ಲೋಟ ಸರಿಸಿದರು.

ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಹಿತ್ತಲಿನಲ್ಲಿ ಕೂತೆವು. ಅಖ್ತರಿಯಮ್ಮನಿಗೆ ಈಗ ಕಣ್ಣು ಮಂಜು. ಹೋಟೆಲಿನ ಯಜಮಾನಿ ಕದಿರಿಯೇ. ಅಮ್ಮನ ಬಗ್ಗೆ ಕೇಳಿದಳು, ಮಣ್ಣು ಎಲ್ಲಿ ಮಾಡಿದರೆಂದು ಕೇಳಿದಳು. ಕೊನೆಯ ಭಾಗವನ್ನು ಪಿಟೀಲಿನಲ್ಲಿ ನುಡಿಸಿ ತೋರಿಸಿದೆ. ಕೇಳಿ, ಆ ಹುಡುಗಿ ಎದ್ದ ಮೇಲೆ ಎಲ್ಲಿಗೆ ಹೋದಳೆಂದು ಕೇಳಿದಳು. ಕಥೆಯಲ್ಲಿ ಅಕ್ಕಂದಿರನ್ನು ಕ್ಷಮಿಸುತ್ತಾಳೆ, ಅರಮನೆ ಸೇರುತ್ತಾಳೆ ಅಂದೆ. “ಅರಮನೆ ಬೇಡ. ಎದ್ಲು ಅಂತ ಹೇಳಿ ಬಿಟ್ಬಿಡು. ಎಲ್ಲಿಗೋದ್ಲು ಅಂತ ಜನಕ್ಕೆ ಯಾಕೆ?” ಅಂದಳು. ಹಾಗೆಯೇ ತಿದ್ದಿದ್ದೇನೆ. ಪ್ರತಿ ಜೊತೆಗಿದೆ. ನೀವು ಓದಬೇಕು.

ಹೊರಡುವಾಗ ಕೇಳಿದೆ, ಅಣ್ಣನಿಗೆ ಹೇಳಲೇ ಎಂದು. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

“ಬಾವಿ ಇದ್ದ ಜಾಗದಲ್ಲಿ ದೊಡ್ಡಣ್ಣ ಶ್ರಾವಣದಲ್ಲಿ ದೀಪ ಹಚ್ತಾನಂತೆ. ಅಮ್ಮ ಹೇಳ್ತಿದ್ಲು.”

“ಹೌದಾ?”

“ಹಚ್ಲಿ ಬಿಡು. ನಾನು ವಾಪಸ್ ಹೋದಾಗೆಲ್ಲ ಬಾಗಿಲು ಹಾಕ್ದ. ಈಗ ದೀಪ ಹಚ್ತಾನೆ. ಎರಡರಲ್ಲಿ ಇದೇ ವಾಸಿ.”

ಮನೆಗೆ ಬಂದು ಒಂದು ವಾರವಾಯಿತು. ಅಣ್ಣ ತುಂಬ ಇಳಿದುಹೋಗಿದ್ದಾನೆ. ಬಲಗೈ ನಡುಗುತ್ತದೆ. ಬಂದ ದಿನ ನನ್ನ ಪೆಟ್ಟಿಗೆಯನ್ನು ಒಳಗೆ ಇಟ್ಟವನು ಅವನೇ. ನಿನ್ನೆ ಹೊತ್ತು ಮುಳುಗುವಾಗ ಎಣ್ಣೆಯ ಬಟ್ಟಲು ಹಿಡಿದು ಹೊಲದ ಕಡೆ ಹೊರಟ. ಹಿಂದೆಯೇ ಹೋದೆ.

ಬಾವಿ ಇದ್ದಲ್ಲಿ ಈಗ ಒಂದು ತಗ್ಗು, ಅಷ್ಟೆ. ಹುಲ್ಲು ಬೆಳೆದಿದೆ. ಹಣತೆ ಇಟ್ಟು ಬತ್ತಿ ಸರಿಮಾಡುತ್ತ, ನನ್ನ ಕಡೆ ತಿರುಗದೆಯೇ ಹೇಳಿದ: “ಚಿಂತಾಮಣೀಲಿ ಆ ಕೊಳ್ಲು ನನಗೆ ಅರ್ಥ ಆಯ್ತು ಕಣೋ. ನೂಕ್ದೋನು ನಾನೇ ಅಂತ ನೀನು ಅಂದ್ಕೊಂಡಿದೀಯ.” ಹಣತೆಗೆ ಎಣ್ಣೆ ಹುಯ್ದು, “ನಾನೂ ಹಂಗೇ ಅಂದ್ಕೊಂಡಿದೀನಿ. ಕೈಯಿಂದ ನೂಕಿಲ್ಲ, ಅಷ್ಟೇ” ಅಂದ.

ಮೇಷ್ಟ್ರೇ, ಮಾತು ನಾಲಿಗೆಯ ತುದಿಯಲ್ಲಿತ್ತು. ಅವಳು ಈ ಹೊತ್ತಿಗೆ ಸಂಜೆಯ ಬಸ್ಸಿನವರಿಗೆ ಟೀ ಸೋಸುತ್ತಿರುತ್ತಾಳೆ ಎಂದು ಹೇಳಿದ್ದರೆ ಸಾಕಿತ್ತು. ಎರಡು ವರ್ಷ ನೀವು ಹೊತ್ತದ್ದು ಏನೆಂದು ಆಗ ನನಗೆ ತಿಳಿಯಿತು.

ಅಣ್ಣ ಕಡ್ಡಿ ಗೀರಿದ. ಕೈ ನಡುಗಿ ಆರಿತು. ಇನ್ನೊಂದು ಗೀರಿದ. ಅದೂ ಗಾಳಿಗೆ ಹೋಯಿತು. ನಾನು ಮಂಡಿಯೂರಿ ಕೂತು ಎರಡೂ ಕೈ ಅಡ್ಡ ಹಿಡಿದೆ, ದೀಪ ಹತ್ತಿ ನಿಲ್ಲುವವರೆಗೂ.

ನಿಮ್ಮ
ಚನ್ನಕೇಶವ